ಮಾಲೆ ಹಾಕಿಸಿಕೊಂಡ ಕಾಕಾ

ಕಳೆದ ಭಾನುವಾರ ಮಧ್ಯಾಹ್ನ ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಒಬ್ಬ ಮನುಷ್ಯ ತಾನು ಸತ್ತಿದ್ದೇನೋ ಬದುಕಿದ್ದೇನೋ ಗೊತ್ತಾಗದೆ ಎರಡೂವರೆ ತಾಸು ಒದ್ದಾಡಿದ. ಗಾಬರಿಯಾಗಬೇಡಿ, ಟಿವಿಯಲ್ಲಿ. ಕಿತ್ತೂರಿಗೆ ಕೊಟ್ಟ ಮಗಳು ಶ್ವೇತಾ ನಾಲ್ಕು ದಿನದ ಮಟ್ಟಿಗೆ ಬಂದಿದ್ದಳು. ಬಂದವಳು ತನ್ನ ಮೊಬೈಲನ್ನು ನಮ್ಮ ಟಿವಿಗೆ ಅದೇನೋ ಮಾಡಿ ಜೋಡಿಸಿ, "ಅಪ್ಪಾ, ಇದು ಬರೇ ಹಾರರ್ ಅಲ್ಲ, ಸೈಕಲಾಜಿಕಲ್ ಹಾರರ್. ಸುಮ್ಮ ಕುಂತು ನೋಡು, ನಡುನಡುವ ಮಾತಾಡಬ್ಯಾಡ" ಎಂದು ಮೊದಲೇ ತಾಕೀತು ಮಾಡಿದಳು. ಹೆದರಿಕೆ ಹುಟ್ಟಬೇಕಾದರೆ ಕತ್ತಲಿರಬೇಕಂತೆ. ಕಿಟಕಿಗೆ ಪರದೆ ಎಳೆದಳು. ಪರದೆ ಸಾಲದ ಕಡೆ ಅವರವ್ವನ ಹಳೆಯ ಇಳಕಲ್ ಸೀರೆ ಕಟ್ಟಿದಳು. ಹೊರಗೆ ಉಳ್ಳಾಗಡ್ಡಿ ಮಾರುವವನ ಮೈಕು ಒಂದೇ ಸಮನೆ ಅರಚುತ್ತಿತ್ತು, ಅದಕ್ಕೆ ಕಟ್ಟುವಷ್ಟು ಸೀರೆ ನಮ್ಮ ಮನೆಯಲ್ಲಿರಲಿಲ್ಲ.

ಚಿತ್ರದ ನಾಯಕ ಒಂದು ಬೆಳಿಗ್ಗೆ ಏಳುತ್ತಾನೆ. ಗೋಡೆಯ ಗಡಿಯಾರ ನಿಂತಿದೆ. ಹೆಂಡತಿ ಎದುರಿಗೇ ಓಡಾಡುತ್ತಾಳೆ, ಇವನ ಕಡೆ ನೋಡುವುದಿಲ್ಲ. ಚಹಾ ಕೇಳುತ್ತಾನೆ, ಉತ್ತರವಿಲ್ಲ. ಕೂಗುತ್ತಾನೆ, ಆಗಲೂ ಇಲ್ಲ. ಇದರಿಂದ ನಾಯಕ ಸತ್ತಿರಬಹುದು ಎಂದು ನಾವು ಸಂಶಯಪಡಬೇಕು ಎಂಬುದು ನಿರ್ದೇಶಕನ ಅಪೇಕ್ಷೆ. ಈ ಲೆಕ್ಕದಲ್ಲಿ ನಮ್ಮ ಓಣಿಯಲ್ಲಿ ಮದುವೆಯಾಗಿ ಹತ್ತು ವರ್ಷ ದಾಟಿದ ಗಂಡಸರು ಒಬ್ಬರೂ ಬದುಕಿಲ್ಲ. ನನ್ನ ಹೆಂಡತಿ ಸುಶೀಲಾ ಮೆಂತ್ಯಪಲ್ಲೆ ಸೋಸುತ್ತ ಕೂತಿದ್ದಳು. ಅವಳಿಗೆ ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಹೊತ್ತು ಯಾಕೆಂಬುದೇ ತಿಳಿಯಲಿಲ್ಲ.

"ಮೂಗಿನ ಮುಂದ ಚೂರು ಹತ್ತಿ ಹಿಡದ್ರ ಗೊತ್ತಾಗತೈತಿ. ಇದಕ್ಯಾಕ ಎರಡೂವರಿ ತಾಸು?" ಎಂದಳು.

"ಅವ್ವಾ, ಸುಮ್ಮ ಕುಂದ್ರ!"

ಕೊನೆಗೆ ನಾಯಕ ಒಂದು ಬಾಗಿಲ ಮುಂದೆ ನಿಲ್ಲುತ್ತಾನೆ. ಬಾಗಿಲು ಅರ್ಧ ತೆರೆಯುತ್ತದೆ. ಅಷ್ಟೇ, ಹೆಸರುಗಳು ಮೇಲೇರತೊಡಗಿದವು. ನಾನು ಮಗಳ ಮುಖ ನೋಡಿದೆ. "ಸತ್ತಾನೋ, ಅದಾನೋ?" ಎಂದು ಕೇಳಿದರೆ, "ಅದನ್ನ ನಾವು ವಿಚಾರ ಮಾಡಬೇಕಪ್ಪಾ. ಅದರಾಗs ಮಜಾ ಇರೂದು" ಎಂದಳು. ಮೂವತ್ತನಾಲ್ಕು ವರ್ಷ ಸಾಲಿ ಮಾಸ್ತರಿಕೆ ಮಾಡಿದವನು ನಾನು. ಉತ್ತರದ ಜಾಗ ಖಾಲಿ ಬಿಟ್ಟು, ಮಾಸ್ತರೇ ವಿಚಾರ ಮಾಡಿಕೊಳ್ಳಲಿ ಎಂದ ಹುಡುಗರಿಗೆ ನಾನು ಮಜಾ ಎಂದು ಅಂಕ ಕೊಟ್ಟವನಲ್ಲ.

ಇಷ್ಟೆಲ್ಲ ಕುಹಕ ಮಾಡಿದವನು ಒಂದು ಕಡೆ ಮಾತ್ರ ಎದ್ದು ನೀರು ಕುಡಿಯಲು ಹೋದೆ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ನಾಯಕ ತನ್ನ ಬಂಧುವೊಬ್ಬನ ಎದುರು ಕೂತು ಏನೇನೋ ಹೇಳುತ್ತಾನೆ. ಆ ಬಂಧು ಇವನನ್ನು ದಾಟಿ ಹಿಂದಿನ ಗೋಡೆಯನ್ನು ನೋಡುತ್ತಾನೆ. ನಡುವೆ ಯಾರೂ ಕೂತಿಲ್ಲವೆಂಬಂತೆ. ಆ ನೋಟ ನನಗೆ ಪರಿಚಯದ್ದು. ಎರಡು ವರ್ಷದಿಂದ ಅಂಥ ನೋಟಕ್ಕೆ ಎದುರಾಗಿ ನಾನೂ ಕೂತಿದ್ದೇನೆ, ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ, ನಮ್ಮ ಕಾಕಾನ ಮುಂದೆ. ಅದು ಹೇಗೆ ಬಂತೆಂದು ಹೇಳಬೇಕಾದರೆ ನಮ್ಮಲ್ಲಿ ಸತ್ತವರನ್ನು ಏನು ಮಾಡುತ್ತಾರೆ ಎಂಬಲ್ಲಿಂದ ಶುರುಮಾಡಬೇಕು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಜಳಕ ಮಾಡಿಸಿ, ಹಣೆಗೆ ಮೂರು ಬೆರಳು ವಿಭೂತಿ ಬಳಿದು, ಗಂಡಸಾದರೆ ತಲೆಗೆ ಪಟಗಾ ಸುತ್ತಿ, ಪಡಸಾಲೆಯ ಗೋಡೆಗೆ ಆನಿಸಿ ಪದ್ಮಾಸನದಲ್ಲಿ ಕೂರಿಸುತ್ತಾರೆ. ಎದುರಿಗೆ ಭಜನೆ. ಬಂದವರು ಕಾಲಿಗೆರಗಿ, ಮಾಲೆ ಹಾಕಿ, ಪಕ್ಕದಲ್ಲೇ ಗೋಡೆಗೆ ಆನಿಕೊಂಡು ತಾವೂ ಕೂರುತ್ತಾರೆ. ಕೊನೆಗೆ ಮಣ್ಣಿಗೂ ಕೂತೇ ಹೋಗುವುದು. ನಾನು ಐದು ವರ್ಷದವನಿದ್ದಾಗ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೀಗೆ ಕೂತಿದ್ದಳು. ದಿನಾ ಅವಳ ಬಾಯಿಗೆ ಬೆಲ್ಲದ ತುಣುಕು ಇಡುವ ಕೆಲಸ ನನ್ನದು. ಅವತ್ತೂ ಇಡಲು ಹೋದೆ. ಬಾಯಿ ತೆರೆಯಲಿಲ್ಲ. "ಆಯಿ ಸಿಟ್ಟಾಗ್ಯಾಳೇನು?" ಎಂದು ಕೇಳಿದ್ದಕ್ಕೆ ಹೆಂಗಸರ ಅಳು ಇನ್ನೂ ಜೋರಾಯಿತಂತೆ. ಬೆಲ್ಲವನ್ನು ನಾನೇ ತಿಂದೆ. ಕೂತವರು ಮಾತಾಡದಿದ್ದರೆ ಒಂದೋ ಸತ್ತಿರುತ್ತಾರೆ, ಇಲ್ಲವೇ ಸಿಟ್ಟಾಗಿರುತ್ತಾರೆ ಎಂಬ ತಿಳಿವಳಿಕೆ ನನಗೆ ಅಂದಿನಿಂದ ಇದೆ. ನಮ್ಮ ಮನೆತನದಲ್ಲಿ ಯಾವುದು ಯಾವುದೆಂದು ಗುರುತಿಸುವುದಷ್ಟೇ ಕಷ್ಟ.

ಆಯಿಗೆ ಮೂವರು ಗಂಡುಮಕ್ಕಳು. ನಡುವಿನವನು ನಮ್ಮಪ್ಪ, ಬೇಗ ತೀರಿಕೊಂಡ. ಹಿರಿಯವನು ದೊಡ್ಡಪ್ಪ ಶಂಕರೆಪ್ಪ, ಕಿರಿಯವನು ಕಾಕಾ ಗುರುಪಾದಪ್ಪ. ನಡುವೆ ಇದ್ದ ನಮ್ಮಪ್ಪ ಇಬ್ಬರನ್ನೂ ಹೋಲುತ್ತಿರಲಿಲ್ಲ, ಆದರೆ ಅವರಿಬ್ಬರು ಒಂದೇ ಅಚ್ಚು. ಅದೇ ಮೂಗು, ಅದೇ ಮೀಸೆ, ಅದೇ ಬಿಳಿ ಪಟಗಾ. ಪ್ರತಿ ಸೋಮವಾರ ಸಂಜೆ ದೊಡ್ಡಪ್ಪನ ಪಡಸಾಲೆಯಲ್ಲಿ ಭಜನೆ. ದೊಡ್ಡಪ್ಪ ಹಾರ್ಮೋನಿಯಂ ಪೇಟಿ ಬಾರಿಸಿ ಹಾಡುತ್ತಿದ್ದ, ಕಾಕಾ ತಾಳ ಹಾಕುತ್ತಿದ್ದ. ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದ ಆ ಹಿತ್ತಾಳೆ ತಾಳಗಳ ಹುಳಿವಾಸನೆ ಮೂಗಿಗೆ ಬಂದರೆ ನನಗೆ ಈಗಲೂ ನಿದ್ದೆ ಬರುತ್ತದೆ. ಯಾಕೆಂದರೆ ಸಣ್ಣವನಿದ್ದಾಗ ಎರಡನೇ ಪದಕ್ಕೇ ಕಾಕಾನ ತೊಡೆಯ ಮೇಲೆ ಮಲಗಿಬಿಡುತ್ತಿದ್ದೆ.

ಒಂದು ಸೋಮವಾರ, ಊರ ಮಂದಿಯೆಲ್ಲ ಕೂತಿದ್ದಾಗ, ದೊಡ್ಡಪ್ಪ ಹಾಡು ನಿಲ್ಲಿಸಿ, "ಗುರುಪಾದಾ, ತಾಳ ತಪ್ಪತು" ಎಂದ. ಅಷ್ಟೇ. ಕಾಕಾ ತಾಳಗಳನ್ನು ನೆಲದ ಮೇಲಿಟ್ಟ, ಎದ್ದ, ಪಕ್ಕದ ತನ್ನ ಮನೆಗೆ ಹೋದ. ಮುಂದೆ ಹನ್ನೊಂದು ವರ್ಷ ಆ ಹೊಸ್ತಿಲು ದಾಟಲಿಲ್ಲ.

ಎರಡೂ ಮನೆಗೆ ನಡುವೆ ಒಂದೇ ಗೋಡೆ. ಅಣ್ಣತಮ್ಮಂದಿರು ಗೋಡೆಯ ಆಚೆ ಈಚೆ ಕೂತು ಒಬ್ಬರನ್ನೊಬ್ಬರು ಸಾಯಿಸಿಕೊಂಡರು. "ನಿಮ್ಮ ಅಣ್ಣ ಆರಾಮ ಅದಾರೇನ್ರಿ?" ಎಂದು ಯಾರಾದರೂ ಕೇಳಿದರೆ ಕಾಕಾ, "ಯಾವ ಅಣ್ಣ?" ಎನ್ನುತ್ತಿದ್ದ. ದೊಡ್ಡಪ್ಪ ಇನ್ನೂ ಒಂದು ಹೆಜ್ಜೆ ಮುಂದೆ. ಮದುವೆ ಪತ್ರಿಕೆಯಲ್ಲಿ ತಮ್ಮನ ಹೆಸರು ಬರೆಸದೇ ಇದ್ದವನು. ನಳದಲ್ಲಿ ನೀರು ಬಂದ ಸುದ್ದಿ ಮುಟ್ಟಿಸಬೇಕಾದರೆ ಎಮ್ಮೆಗೆ ಹೇಳುವುದು: "ಏ ಎಮ್ಮೀ, ನೀರ ಬಿಟ್ಟಾರಂತ ನೋಡವಾ, ಬೇಕಾದವರು ತುಂಬಿಕೊಳ್ಳಲಿ." ಆಚೆಯಿಂದ ಕೊಡದ ಸಪ್ಪಳ ಬರುತ್ತಿತ್ತು. ಇಡೀ ಸುರೇಬಾನದಲ್ಲಿ ಅಷ್ಟು ಜವಾಬ್ದಾರಿಯ ಎಮ್ಮೆ ಇನ್ನೊಂದಿರಲಿಲ್ಲ. ಸೋಮವಾರ ಭಜನೆ ಶುರುವಾದರೆ ಕಾಕಾ ತನ್ನ ಮನೆಯಲ್ಲಿ ಅದೇ ಗೋಡೆಗೆ ಬೆನ್ನು ಹಚ್ಚಿ ಕೂರುತ್ತಿದ್ದ. ತೊಡೆಯ ಮೇಲೆ ಬೆರಳಾಡುತ್ತಿದ್ದವು. ನಾನು ನೋಡಿದ್ದೇನೆ. ನಾನು ನೋಡಿದ್ದನ್ನು ಅವನು ನೋಡಿ, ತೊಡೆ ಕೆರೆದುಕೊಂಡಂತೆ ಮಾಡಿದ.

ಈಗ ನನ್ನ ಪಾಲಿನ ಕಥೆ. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಅವರ ಮಾತು ನಿಂತ ಹನ್ನೊಂದನೇ ವರ್ಷ, ಶ್ರಾವಣದಲ್ಲಿ ದೊಡ್ಡಪ್ಪನನ್ನು ನೋಡಲು ಹೋಗಿದ್ದೆ. ಮರಳಿ ಬರುವಾಗ ಎಂದೂ ಬಾರದವನು ಬಸ್ ನಿಲ್ದಾಣದವರೆಗೆ ಬಂದ. ಬಂದು, ನನ್ನ ಮುಖ ನೋಡದೆ ರಸ್ತೆ ನೋಡುತ್ತ ಹೇಳಿದ:

"ನಿಮ್ಮ ಕಾಕಾಗ ಒಂದ ಮಾತ ಹೇಳು. ಅವತ್ತ ಅವನ ತಾಳ ತಪ್ಪಿರಲಿಲ್ಲ. ನಾನs ಚೂರು ಅವಸರಾ ಮಾಡಿದ್ದೆ. ಸೋಮಾರ ಬಾ ಅನ್ನು."

"ನೀವs ಹೇಳ್ರಲಾ ದೊಡ್ಡಪ್ಪ, ಬಾಜೂ ಮನಿ."

"ನಾ ಹಿರ್ಯಾ ಅದೇನಿ" ಎಂದ, ಅದರಲ್ಲೇ ಎಲ್ಲ ವಿವರಣೆ ಇದೆಯೆಂಬಂತೆ.

ಅಷ್ಟರಲ್ಲಿ ಬಸ್ಸು ಬಂತು. ಸವದತ್ತಿಗೆ ನೇರ ಹೋಗುವ ಬಸ್ಸು, ಕೂರಲು ಜಾಗವೂ ಇತ್ತು. ಹಿಂತಿರುಗಿ ಹೋಗಿ ಕಾಕಾಗೆ ಹೇಳಲು ಹತ್ತು ನಿಮಿಷ ಸಾಕಾಗಿತ್ತು. ಮುಂದಿನ ಸಲ ಹೇಳಿದರಾಯ್ತು ಎಂದು ಹತ್ತಿಬಿಟ್ಟೆ. ಕಾಕಾ ಮೊಬೈಲ್ ಇಟ್ಟುಕೊಂಡವನಲ್ಲ. ಬೇರೆಯವರ ಫೋನಿನಲ್ಲಿ ಹೇಳುವ ಮಾತಲ್ಲ ಇದು ಎಂದು ನನಗೆ ನಾನೇ ದೊಡ್ಡಸ್ತಿಕೆಯಿಂದ ಹೇಳಿಕೊಂಡೆ. ಆಮೇಲೆ ಪರೀಕ್ಷೆಯ ಪೇಪರು ಬಂದವು. ಆಮೇಲೆ ಹಬ್ಬ ಬಂತು. ಕಾರ್ತೀಕದಲ್ಲಿ ಒಂದು ದಿನ ಬೆಳಿಗ್ಗೆ ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂತು.

ಸವದತ್ತಿಯಲ್ಲಿ ಬಸ್ಸು ಬದಲಿಸಿ, ರಾಮದುರ್ಗದಲ್ಲಿ ಇಳಿದು ದಪ್ಪನೆಯ ಚೆಂಡುಹೂವಿನ ಮಾಲೆ ಕೊಂಡು, ಸುರೇಬಾನ ಮುಟ್ಟುವಾಗ ಮಧ್ಯಾಹ್ನದ ಬಿಸಿಲು ನೆತ್ತಿಗೇರಿತ್ತು. ದಾರಿಯುದ್ದಕ್ಕೂ ಆ ಹೇಳದೇ ಉಳಿದ ಮಾತನ್ನೇ ನೆನೆಯುತ್ತಿದ್ದೆ. ಚಷ್ಮಾ ಚೀಲದಲ್ಲಿತ್ತು. ಆಗ ನನಗೆ ಚಷ್ಮಾ ಹೊಸದು, ಹಾಕಿಕೊಂಡರೆ ಮುದುಕ ಕಾಣುತ್ತೇನೆ ಎಂಬ ಚಿಂತೆ. ಸತ್ತವರ ಮನೆಗೆ ಹೋಗುವಾಗಲೂ ಚೆಂದ ಕಾಣಬೇಕೆನ್ನುವ ಮನುಷ್ಯ ನಾನೊಬ್ಬನೇ ಅಲ್ಲ ಎಂದುಕೊಂಡಿದ್ದೇನೆ.

ಬಿಸಿಲಿನಿಂದ ಕತ್ತಲ ಪಡಸಾಲೆಗೆ ಕಾಲಿಟ್ಟೆ. ಹೆಂಗಸರು ಸತ್ತವನ ಗುಣ ಒಂದೊಂದನ್ನೇ ಎತ್ತಿ ಹಾಡಾಡಿಕೊಂಡು ಅಳುತ್ತಿದ್ದರು. ಗೋಡೆಗೆ ಆನಿಕೊಂಡು ಪಟಗಾ ಸುತ್ತಿದ, ಹಣೆತುಂಬ ವಿಭೂತಿಯ, ಕಣ್ಣು ಮುಚ್ಚಿದ ದೊಡ್ಡಪ್ಪ ನೆಟ್ಟಗೆ ಕೂತಿದ್ದ. ಅವನ ಆಚೆ ಕಂಬದ ಪಕ್ಕ ಇನ್ನೊಬ್ಬ ಮುದುಕ ಸ್ವಲ್ಪ ವಾಲಿಕೊಂಡು ಆರಾಮಾಗಿ ಕೂತಿದ್ದ. ಯಾರೋ ಬೀಗರಿರಬೇಕು ಎಂದು ಅವನ ಕಡೆ ನೋಡಲಿಲ್ಲ. ಇನ್ನೂ ಯಾರೂ ಮಾಲೆ ತಂದಿರಲಿಲ್ಲ, ನನ್ನದೇ ಮೊದಲನೆಯದು. ಹಾಕಿದೆ. ಕಾಲು ಹಿಡಿದೆ. ಕಾಲು ಬೆಚ್ಚಗಿತ್ತು. ಪಾಪ, ಇನ್ನೂ ಬಿಸಿ ಆರಿಲ್ಲ ಎನ್ನಿಸಿ ದುಃಖ ಒತ್ತರಿಸಿ ಬಂತು.

"ದೊಡ್ಡಪ್ಪಾ, ನನಗ ಕ್ಷಮಾ ಮಾಡೋ ನಮ್ಮಪ್ಪಾ! ನೀ ಹೇಳಿದ ಮಾತ ನಾ ಕಾಕಾಗ ಮುಟ್ಟಿಸಲಿಲ್ಲ. ಅವನ ತಾಳ ತಪ್ಪಿರಲಿಲ್ಲ, ನಾನs ಅವಸರಾ ಮಾಡಿದ್ದೆ, ಸೋಮಾರ ಬಾ ಅನ್ನು ಅಂದಿದ್ದಿ. ಬಸ್ ಬಂತಂತ ಹತ್ತಿ ಹೋದೆ. ಆ ಹಟಮಾರಿ ಕಾಕಾನೂ ತಾನಾಗಿ ಬರಲಿಲ್ಲ. ನೀ ಅವನ ದಾರಿ ನೋಡಿ ನೋಡಿ ಹ್ವಾದಿ..."

ಕೈಯಲ್ಲಿದ್ದ ಕಾಲು ಅಲುಗಿತು.

"ಯಾವಾಗ ಹೇಳಿದ್ದ?" ಎಂದಿತು ಹೆಣ.

ನಾನು ಕೂಗಿದ ಕೂಗು ಭಾನುವಾರದ ಚಿತ್ರದಲ್ಲಿ ಯಾರೂ ಕೂಗಿಲ್ಲ. ಅಂಗಾತ ಬಿದ್ದೆ. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು, ಒಬ್ಬಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು, ಅವಳಿಂದ ಇನ್ನೊಬ್ಬಳಿಗೆ ನಗು ಹಬ್ಬಿತು. ನಿಜವಾದ ದೊಡ್ಡಪ್ಪ ಕಂಬದ ಪಕ್ಕ ವಾಲಿಕೊಂಡೇ ಇದ್ದ. ಹನ್ನೊಂದು ವರ್ಷದ ಮೇಲೆ ಅವತ್ತು ಬೆಳಿಗ್ಗೆ ಕಾಕಾ ಆ ಹೊಸ್ತಿಲು ದಾಟಿ ಬಂದು, ಯಾರ ಜೊತೆಗೂ ಮಾತಾಡದೆ, ಅಣ್ಣನ ಪಕ್ಕ ಕಣ್ಣುಮುಚ್ಚಿ ಕೂತಿದ್ದನಂತೆ. ಅಣ್ಣನಿಗೆ ವಿಭೂತಿ ಬಳಿದವರು ಪಕ್ಕದಲ್ಲಿದ್ದ ಅವನ ಹಣೆಗೂ ಬಳಿದಿದ್ದರು. ಆ ಮನೆಯಲ್ಲಿ ಕಾಕಾ ಇರುತ್ತಾನೆಂದು ನನ್ನ ತಲೆಗೆ ಹೊಳೆಯುವುದಾದರೂ ಹೇಗೆ? "ನೀವ್ಯಾಕ ತಡೀಲಿಲ್ಲ ದೊಡ್ಡವ್ವಾ?" ಎಂದು ಆಮೇಲೆ ದೊಡ್ಡಪ್ಪನ ಹೆಂಡತಿಯನ್ನು ಕೇಳಿದೆ. "ನೀ ಮಾಸ್ತರ ಅದಿ, ಓದಿದಾಂವ. ಹಿಂಗೂ ಒಂದ ಪದ್ಧತಿ ಇರಬೇಕು ಅಂದ್ಕೊಂಡ್ವಿ" ಎಂದಳು. ಓದಿದವರ ಬಗ್ಗೆ ಜನರಿಗೆ ಇನ್ನೂ ಇಷ್ಟು ವಿಶ್ವಾಸ ಇರುವುದು ದೇಶಕ್ಕೆ ಅಪಾಯ.

ಕಾಕಾ ಮಾತ್ರ ನಗಲಿಲ್ಲ. ಮತ್ತೆ ಕೇಳಿದ. "ಯಾವಾಗ ಹೇಳಿದ್ದ?"

"ಶ್ರಾವಣದಾಗ್ರಿ."

ಅವನು ಬೆರಳು ಮಡಚಿ ಎಣಿಸಿದ. ತಡಮಾಡದೆ, ತಪ್ಪದೆ ಎಣಿಸಿದ.

"ಹನ್ನೆರಡು ಸೋಮಾರ" ಎಂದ.

ಆಮೇಲೆ ತನ್ನ ಕೊರಳಿನ ಮಾಲೆ ತೆಗೆದು ಅಣ್ಣನ ಕೊರಳಿಗೆ ಹಾಕಿದ. ಬದುಕಿದ್ದವನಿಗೆ ಹಾಕಿದ ಮಾಲೆ ಸತ್ತವನಿಗೆ ನಡೆಯುತ್ತದೋ ಇಲ್ಲವೋ ಎಂದು ನಾಲ್ಕು ಮಂದಿ ಚರ್ಚೆ ಶುರುಮಾಡಿದರು. ಕಾಕಾ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಗೂಟಕ್ಕೆ ನೇತುಹಾಕಿದ್ದ ತಾಳಗಳನ್ನು ತಾನೇ ಇಳಿಸಿಕೊಂಡು ಮಣ್ಣು ಮಾಡುವವರೆಗೂ ಬಾರಿಸಿದ. ಒಂದು ಪೆಟ್ಟೂ ತಪ್ಪಲಿಲ್ಲ. ನಾನು ಹಿಂದೆ ನಡೆಯುತ್ತಿದ್ದೆ, ನನಗೆ ಆ ಸಪ್ಪಳ ಸಹಿಸಲಾಗಲಿಲ್ಲ.

ಜೀವಂತ ಮನುಷ್ಯನಿಗೆ ಹೆಣದ ಮಾಲೆ ಹಾಕಿದರೆ ಆರು ತಿಂಗಳಲ್ಲಿ ಅವನು ಹೋಗುತ್ತಾನೆ ಎಂದು ತೊರಗಲ್ಲಿನ ಬೀಗರೊಬ್ಬರು ಖಚಿತವಾಗಿ ಹೇಳಿದರು. ಶಾಂತಿ ಮಾಡಿಸಿರಿ ಎಂದರು. ಬೆಳಿಗ್ಗೆ ಫೋನು ಬಂದು, ಅದು ಸುರೇಬಾನದ ನಂಬರಾದರೆ ಸುಶೀಲಾಳ ಕೈಗೆ ಕೊಟ್ಟು ಹಿತ್ತಲಿಗೆ ಹೋಗುತ್ತಿದ್ದೆ. ಆರು ತಿಂಗಳಾಯಿತು. ಕಾಕಾ ಎರಡರ ಬದಲು ಮೂರು ರೊಟ್ಟಿ ತಿನ್ನತೊಡಗಿದ್ದ. ವರ್ಷವಾಯಿತು. ಆ ಬೀಗರೇ ತೀರಿಕೊಂಡರು. ಅವರ ಮಣ್ಣಿಗೆ ನಾನು ಚಷ್ಮಾ ಹಾಕಿಕೊಂಡು ಹೋದೆ.

ಆದರೆ ಕಾಕಾ ನನ್ನ ಜೊತೆ ಮಾತು ಬಿಟ್ಟ. ಅಣ್ಣನ ಜೊತೆ ಬಿಟ್ಟ ಹಾಗೆ ಅಲ್ಲ, ಅಲ್ಲಿ ಎಮ್ಮೆಯಾದರೂ ಇತ್ತು. ನಿವೃತ್ತನಾದ ಮೇಲೆ ನಾನು ಸೋಮವಾರಗಳಂದು ಸುರೇಬಾನಕ್ಕೆ ಹೋಗತೊಡಗಿದೆ. ದೊಡ್ಡಪ್ಪನ ಪಡಸಾಲೆಯಲ್ಲಿ ಈಗ ಕಾಕಾ ಪೇಟಿ ಹಿಡಿದು ಹಾಡುತ್ತಾನೆ. ನಾನು ಎದುರು ಕೂರುತ್ತೇನೆ. "ಕಾಕಾ, ಆರಾಮೇನ್ರಿ?" ಅವನು ನನ್ನನ್ನು ದಾಟಿ ಗೋಡೆ ನೋಡುತ್ತಾನೆ. "ಈ ಸರ್ತಿ ನಮ್ಮ ಕಡಿ ಮಳಿ ಛಲೋ ಆತ್ರಿ." ದೊಡ್ಡವ್ವನ ಕಡೆ ತಿರುಗಿ, "ವೈನಿ, ಒಂದ ತಂಬಿಗಿ ನೀರ ಕೊಡ್ರಿ" ಎನ್ನುತ್ತಾನೆ. ಒಂದೊಂದು ಸಲ ನನಗೇ ಸಂಶಯ ಬಂದು ಮೊಣಕಾಲು ಮುಟ್ಟಿ ನೋಡಿಕೊಂಡದ್ದುಂಟು. ಹನ್ನೆರಡು ಸೋಮವಾರ ಹೋದರೆ ಸಿಟ್ಟು ಇಳಿಯಬಹುದೆಂದು ಗುಟ್ಟಾಗಿ ಎಣಿಸುತ್ತಿದ್ದೆ. ಹನ್ನೆರಡನೆಯ ದಿನ ಹೊಸ ಅಂಗಿಯನ್ನೂ ಹಾಕಿಕೊಂಡು ಹೋದೆ. ಅಂಥದ್ದೆಲ್ಲ ಚಿತ್ರದಲ್ಲಿ ನಡೆಯುತ್ತದೆ. ಕಾಕಾ ಹೊಸ ಅಂಗಿಯನ್ನೂ ದಾಟಿ ಗೋಡೆ ನೋಡಿದ. ಅಲ್ಲಿಂದಾಚೆ ಎಣಿಸುವುದು ಬಿಟ್ಟೆ, ಹೋಗುವುದು ಮಾತ್ರ ಬಿಡಲಾಗಲಿಲ್ಲ. ನನಗೆ ಅವನ ಮಾತು ಬೇಕಾಗಿತ್ತು. ಬೈದರೂ ಸರಿ.

ಹೀಗಾಗಿ ಭಾನುವಾರ ನಾನು ಎದ್ದು ನೀರು ಕುಡಿಯಲು ಹೋದದ್ದು. ಹಿಂದೆಯೇ ಅಡುಗೆಮನೆಗೆ ಬಂದ ಸುಶೀಲಾ ನನ್ನ ಮುಖ ನೋಡಿ, "ನಾಳೆ ಸೋಮಾರ. ಹೋಗವರೇನು?" ಎಂದಷ್ಟೇ ಕೇಳಿದಳು. "ಹೋಗಿ ಏನ್ ಮಾಡ್ಲಿ, ಅಂವ ಮಾತಾಡೂದಿಲ್ಲ" ಎಂದೆ. "ನಿಮಗ ಹೇಳೂದಿತ್ತು, ಹೇಳಲಿಲ್ಲ. ಅವರಿಗೆ ಹೇಳೂದs ಏನಿಲ್ಲ, ಹೇಳವಲ್ಲರು. ಎದ್ದು ಹೋಗು ಅಂತ ಅಂದಿಲ್ಲಲಾ?" ಎಂದು ಸೊಪ್ಪಿನ ಬುಟ್ಟಿ ತೆಗೆದುಕೊಂಡು ಮತ್ತೆ ಪಡಸಾಲೆಗೆ ಹೋದಳು.

ಸೋಮವಾರ ಹೋದೆ. ಕಾಕಾನ ಹಾಡಿಗೆ ಈಗ ತಾಳ ಹಾಕುವ ಮುದುಕನಿಗೆ ಜ್ವರ ಬಂದು ಅವನು ಬಂದಿರಲಿಲ್ಲ. ತಾಳಗಳು ಚಾಪೆಯ ಮೇಲೆ ಬಿದ್ದಿದ್ದವು, ಯಾರೂ ಮುಟ್ಟಲಿಲ್ಲ. ದೊಡ್ಡವ್ವ ಎದ್ದು ಬಂದು ಅವನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಅದೇ ಹುಣಸೆಹಣ್ಣಿನ ವಾಸನೆ. ಅರವತ್ತು ದಾಟಿದ ನಾನು ಜೀವಮಾನದಲ್ಲಿ ಮೊದಲ ಸಲ ತಾಳ ಹಿಡಿದೆ. ಕಾಕಾ ಗೋಡೆ ನೋಡುತ್ತ ಪೇಟಿಯ ಮೇಲೆ ಬೆರಳಿಟ್ಟು ಪದ ಎತ್ತಿದ. ಮೊದಲ ಸಾಲು ಹೇಗೋ ದಾಟಿದೆ. ಎರಡನೇ ಸಾಲಿಗೆ ನನ್ನ ಕೈ ಒಂದು ಕಡೆ, ಹಾಡು ಒಂದು ಕಡೆ ಹೋದವು. ಕೂತವರೆಲ್ಲ ನನ್ನನ್ನೇ ನೋಡತೊಡಗಿದರು. ಬೆವರಿಗೆ ಚಷ್ಮಾ ಮೂಗಿನ ತುದಿಗೆ ಜಾರಿತು.

ಪೇಟಿ ನಿಂತಿತು. ಕಾಕಾ ಗೋಡೆಯಿಂದ ಕಣ್ಣು ತೆಗೆದು ನನ್ನ ಮುಖಕ್ಕೆ ತಂದ. ಎರಡು ವರ್ಷದ ಮೇಲೆ ಆ ಕಣ್ಣುಗಳು ನನ್ನಲ್ಲಿ ನಿಂತವು.

"ಮಾಸ್ತರ, ತಾಳ ತಪ್ಪತು" ಎಂದ.

ಆ ಮಾತು ಅದೇ ಜಾಗದಲ್ಲಿ ಹಿಂದೊಮ್ಮೆ ಏನು ಮಾಡಿತ್ತೆಂದು ಎಲ್ಲರಿಗೂ ಗೊತ್ತಿತ್ತು. ನಾನು ತಾಳಗಳನ್ನು ಕೆಳಗಿಡಲಿಲ್ಲ, ಇನ್ನೂ ಬಿಗಿಯಾಗಿ ಹಿಡಿದೆ.

"ಹೌದ್ರಿ ಕಾಕಾ" ಎಂದೆ. "ತಪ್ಪೇತ್ರಿ."

"ಹಂಗಾರ ಇಲ್ಲಿ ಬಾ, ಬಾಜೂಕ ಕುಂದ್ರು. ನನ್ನ ಕೈ ನೋಡಕೋತ ಹಾಕು" ಎಂದು ಕಾಕಾ ಸ್ವಲ್ಪ ಸರಿದು ಜಾಗ ಮಾಡಿ, ಪದವನ್ನು ಮೊದಲಿನಿಂದ ಎತ್ತಿದ.